ರಾಸ್ ಅಲ್ ಖೋರಿನ ಚಾಂಪಿಯನ್

ದುಬೈಗೆ ಹೋಗಿ ಬಂದವರೆಲ್ಲ ಎತ್ತರದ ಕಟ್ಟಡದ ತುದಿಯಲ್ಲಿ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ಒಂದು ತಿಂಗಳು ಇದ್ದೆ, ನಿಜ. ಆದರೆ ಅದರಲ್ಲಿ ಅರ್ಧ ದಿನಗಳು ಕಳೆದದ್ದು ಗ್ಯಾರೇಜುಗಳ ನಡುವಿನ ಒಂದು ಶೆಡ್ಡಿನಲ್ಲಿ, ಪೂಲ್ ಆಡುವ ಮೇಜಿನ ಪಕ್ಕ, ಒಂದು ಕಾಲು ಸ್ವಲ್ಪ ಅಲ್ಲಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಊರಿಗೆ ಬಂದು ಇದನ್ನು ಹೇಳಿದರೆ ಶಿರ್ವದ ನಮ್ಮ ನೆರೆಮನೆಯ ಶಾರದಕ್ಕ, “ಅಷ್ಟು ದೂರ ಹೋಗಿ ಗ್ಯಾರೇಜ್ ನೋಡಿ ಬಂದಿರಾ ಐರಿನ್ ಬಾಯಿ?” ಎಂದು ಕೇಳಿದರು. ಹೌದು, ಅದನ್ನೇ ನೋಡಿ ಬಂದೆ. ಅದನ್ನೇ ಬರೆಯುತ್ತೇನೆ.

ಅಲ್ ಮುರಕ್ಕಬಾತ್

ನನ್ನ ತಂಗಿ ಗ್ಲಾಡಿಸ್ ದುಬೈಯಲ್ಲಿ ನರ್ಸ್. ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ “ಬಾಯ್, ಈಗಾದರೂ ಬಾ” ಎಂದು ವಿಸಿಟ್ ವೀಸಾ ಕಳಿಸಿದಳು. ನಮ್ಮಲ್ಲಿ ಅಕ್ಕನಿಗೆ ಬಾಯ್ ಅನ್ನುತ್ತೇವೆ. ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ಅವಳದು ಎರಡು ಕೋಣೆಯ ಫ್ಲ್ಯಾಟ್. ಒಂದು ಕೋಣೆ ಅವಳದು, ಇನ್ನೊಂದರಲ್ಲಿ ಫಿಲಿಪ್ಪೀನ್ಸಿನ ಗಂಡ ಹೆಂಡತಿ. ಹಾಲ್ ಮತ್ತು ಅಡುಗೆಮನೆ ಇಬ್ಬರಿಗೂ ಸೇರಿದ್ದು. ಇದನ್ನು ಅವಳು ಫೋನಿನಲ್ಲಿ ಹೇಳಿದ್ದಳೋ ಏನೋ, ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಕಾಫಿ ಮಾಡೋಣವೆಂದು ಅಡುಗೆಮನೆಗೆ ಹೋದರೆ, ಮೆಕ್ಯಾನಿಕ್‌ಗಳ ನೀಲಿ ಡಾಂಗ್ರಿ ಹಾಕಿದ ಒಬ್ಬ ಗಂಡಸು ಒಲೆಯ ಮುಂದೆ ನಿಂತು ಬೆಳ್ಳುಳ್ಳಿ ಹಾಕಿ ಹಿಂದಿನ ದಿನದ ಅನ್ನ ಹುರಿಯುತ್ತಿದ್ದ. ಐವತ್ತರ ಹತ್ತಿರದ ವಯಸ್ಸು. ಕುಳ್ಳ. ಕೈಬೆರಳು ಮಾತ್ರ ಪಿಟೀಲು ನುಡಿಸುವವರ ಹಾಗೆ ಉದ್ದ. ನನ್ನನ್ನು ನೋಡಿ ನಕ್ಕು, “ಗುಡ್ ಮಾರ್ನಿಂಗ್, ಅತ್ತೆ” ಅಂದ.

ನಾನು ವಾಪಸು ಕೋಣೆಗೆ ಬಂದು ಗ್ಲಾಡಿಸಳನ್ನು ಎಬ್ಬಿಸಿದೆ. “ಅಡುಗೆಮನೆಯಲ್ಲಿ ಒಬ್ಬ ಇದ್ದಾನೆ. ನನ್ನನ್ನು ಅತ್ತೆ ಅನ್ನುತ್ತಾನೆ. ನಾನು ಮದುವೆಯೇ ಆದವಳಲ್ಲ, ಅಳಿಯ ಎಲ್ಲಿಂದ ಬಂದ?”

ಗ್ಲಾಡಿಸ್ ದಿಂಬಿಗೆ ಮುಖ ಒತ್ತಿ ನಕ್ಕಳು. “ಅತ್ತೆ ಅಲ್ಲ ಬಾಯ್, ಆತೆ. ಅವರ ಭಾಷೆಯಲ್ಲಿ ಅಕ್ಕ ಅಂತ. ಅವರು ನೆಸ್ಟರ್, ನನ್ನ ವಾರ್ಡಿನ ಮಾರಿಟೆಸ್‌ಳ ಗಂಡ. ನಾವೆಲ್ಲ ಕೂಯಾ ನೆಸ್ಟರ್ ಅನ್ನುವುದು. ಕೂಯಾ ಅಂದರೆ ಅಣ್ಣ.”

ಹೀಗೆ ಒಂದೇ ಬೆಳಿಗ್ಗೆ ನನಗೊಬ್ಬ ಅಳಿಯ ಬಂದು, ಹೋಗಿ, ತಮ್ಮನಾಗಿ ಉಳಿದ.

ಪರದೇಶ ಅನ್ನಿಸಲೇ ಇಲ್ಲ ಎಂದರೆ ಅದಕ್ಕೆ ಆ ಅಡುಗೆಮನೆಯೇ ಕಾರಣ. ನಮ್ಮಂತೆ ಅವರಿಗೂ ಮೂರು ಹೊತ್ತು ಅನ್ನ ಬೇಕು. ಮಾರಿಟೆಸ್ ಒಣಮೀನು ಹುರಿದರೆ ಕಣ್ಣು ಮುಚ್ಚಿಕೊಂಡು ಮಲ್ಪೆಯಲ್ಲಿದ್ದೇನೆ ಅಂದುಕೊಳ್ಳಬಹುದು. ಅದರ ವಾಸನೆಗೆ ಮೇಲಿನ ಮಹಡಿಯವರು ಬಂದು ಬಾಗಿಲು ಬಡಿದರೆ, “ಮಾಫಿ, ಮಾಫಿ” (ಅರಬ್ಬಿಯಲ್ಲಿ ‘ಇಲ್ಲ, ಇಲ್ಲ’) ಎಂದು ಕೈ ಅಲ್ಲಾಡಿಸಿ ಮೀನೇ ಇಲ್ಲವೆಂದು ಸಾಧಿಸುತ್ತಿದ್ದಳು. ಇಡೀ ಮಹಡಿಗೆ ಮೀನಿನ ಘಮ!

ಹಾಲಿನ ಗೋಡೆಯಲ್ಲಿ ಒಂದು ಫೋಟೊ ಇತ್ತು. ತಲೆತುಂಬ ಕೂದಲಿನ ಯುವಕ, ಎರಡೂ ಕೈಯಲ್ಲಿ ಎತ್ತಿ ಹಿಡಿದ ದೊಡ್ಡ ಬೆಳ್ಳಿ ಬಟ್ಟಲು. “ಇದು ಯಾರು?” ಎಂದೆ. ಮಾರಿಟೆಸ್ ಫೋಟೊದ ಗಾಜನ್ನು ಅಂಗೈಯಿಂದ ಒರೆಸಿ, “ನನ್ನ ಗಂಡ. ಪೂಲ್ ಆಟದ ಚಾಂಪಿಯನ್ ಆಗಿದ್ದರು” ಅಂದಳು.

ಆ ಸಂಜೆ ಊಟದ ಮೇಜಿನಲ್ಲಿ ನಾನು ಬ್ಯಾಂಕಿನ ಪರವಾಗಿ ಇಪ್ಪತ್ತು ವರ್ಷ ಕೇರಂ ಆಡಿದವಳು ಎಂಬ ಮಾತು ಬಂತು. ನೆಸ್ಟರ್ ಚಮಚ ಕೆಳಗಿಟ್ಟ. “ಆತೆ, ಬೆರಳು ಹೇಗೆ ಹಿಡಿಯುತ್ತೀರಿ, ತೋರಿಸಿ” ಅಂದ. ತೋರಿಸಿದೆ. ಅವನು ಎದ್ದು ಹತ್ತಿರ ಬಂದು, ಬಗ್ಗಿ, ನನ್ನ ಬೆರಳಿಗಿಂತ ಹೆಚ್ಚಾಗಿ ನನ್ನ ಕಣ್ಣನ್ನೇ ನೋಡಿದ. “ಶನಿವಾರ ನನ್ನ ವರ್ಕ್‌ಶಾಪಿಗೆ ಬನ್ನಿ” ಅಂದ.

ರಾಸ್ ಅಲ್ ಖೋರ್

ಟ್ಯಾಕ್ಸಿಯವನು ನನ್ನನ್ನು ತಪ್ಪು ಓಣಿಯಲ್ಲಿ ಇಳಿಸಿದ. ಎಲ್ಲ ಕಡೆ ಒಂದೇ ತರಹದ ಶಟರು, ಬಿಚ್ಚಿಟ್ಟ ಎಂಜಿನು, ಟಯರಿನ ರಾಶಿ. ಒಬ್ಬ ಪಠಾಣ ಬಂದು ಬಹಳ ಗೌರವದಿಂದ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದು ಹಳೆಯ ವ್ಯಾನಿನ ಬಾಗಿಲು ತೆರೆದು ತೋರಿಸತೊಡಗಿದ. ನಾನು ವ್ಯಾನ್ ಕೊಳ್ಳಲು ಬಂದವಳಲ್ಲ ಎಂದು ನನ್ನ ಹಿಂದಿಯಲ್ಲಿ ತಿಳಿಸುವಷ್ಟರಲ್ಲಿ ಅವನು ಎಂಜಿನ್ ಚಾಲೂ ಮಾಡಿಬಿಟ್ಟಿದ್ದ. ಕೊನೆಗೆ “ಬಿಲಿಯರ್ಡ್, ಬಿಲಿಯರ್ಡ್” ಎಂದು ಕೈಯಲ್ಲಿ ಕೋಲು ಆಡಿಸಿದೆ. “ಅಚ್ಛಾ, ಹಮೀದ್ ಭಾಯ್!” ಎಂದು ತಾನೇ ನಡೆಸಿಕೊಂಡು ಬಂದು ಬಿಟ್ಟ.

ಹಮೀದ್ ಭಾಯ್ ಅಂದರೆ ನಮ್ಮ ಕಾಪುವಿನ ಬ್ಯಾರಿ. ಹಮೀದಾಕ ಎಂದೇ ಎಲ್ಲರೂ ಕರೆಯುವುದು. ಪೂಲ್ ಮತ್ತು ಸ್ನೂಕರ್ ಮೇಜುಗಳನ್ನು ತಯಾರಿಸಿ, ರಿಪೇರಿ ಮಾಡಿ ಕೊಡುವ ಶೆಡ್ ಅವರದು. “ಬನ್ನಿ ಬಾಯಮ್ಮ, ಬನ್ನಿ. ಶಿರ್ವದವರಾ? ಹಾಗಾದರೆ ನೆರೆಯವರೇ ಆಯ್ತಲ್ಲ ಮಾರಾಯ್ರೆ!” ಎಂದು ಶೆಡ್ಡಿನ ಒಂದೇ ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ನೆಸ್ಟರ್ ಒಂದು ಮೇಜಿನ ಕಲ್ಲಿನ ಹಲಗೆಗಳನ್ನು ಜೋಡಿಸುತ್ತಿದ್ದ. ಮೇಲಿನಿಂದ ಬಟ್ಟೆ ಮಾತ್ರ ಕಾಣುತ್ತದೆ, ಅಡಿಯಲ್ಲಿ ಮೂರು ಕಲ್ಲು ಇರುತ್ತವೆಂದು ನನಗೆ ಆಗಲೇ ಗೊತ್ತಾದದ್ದು. ಸಂದಿಗೆ ಮೇಣ ಕಾಯಿಸಿ ತುಂಬಿ, ಒಣಗಿದ ಮೇಲೆ ಅಂಗೈಯಿಂದ ಸವರಿ ನೋಡುತ್ತಿದ್ದ. ಕೆಲಸ ಮಾಡುತ್ತಲೇ ತನ್ನ ಕಥೆ ಹೇಳಿದ.

ಅವನ ಅಮ್ಮ ಮಾರುಕಟ್ಟೆಯ ಪಕ್ಕದ ಒಂದು ಪೂಲ್ ಹಾಲಿನಲ್ಲಿ ಅಡುಗೆ ಮಾಡುತ್ತಿದ್ದಳು. ತಗಡಿನ ಮಾಡು, ನಾಲ್ಕು ಮೇಜು. ಅಮ್ಮನ ಸಾರು ಕುದಿಯುವ ತನಕ ಆಟ, ಕುದಿದ ಮೇಲೆ ಊಟ. ಹತ್ತೊಂಬತ್ತಕ್ಕೆ ಮನಿಲಾಕ್ಕೆ ಹೋದ. ಇಪ್ಪತ್ತೇಳಕ್ಕೆ ಪರದೇಶದ ದೊಡ್ಡ ಟೂರ್ನಮೆಂಟ್ ಗೆದ್ದ. ಊರಿಗೆ ಬಂದಾಗ ಮೀನಿನ ಲಾರಿ ತೊಳೆದು, ಹೂ ಕಟ್ಟಿ, ಅದರ ಮೇಲೆ ಅವನನ್ನು ನಿಲ್ಲಿಸಿ ಮೆರವಣಿಗೆ ಮಾಡಿದರಂತೆ. “ಚೆನ್ನಾಗಿ ತೊಳೆದಿರಲಿಲ್ಲ ಆತೆ. ಮೂರು ದಿನ ನನ್ನ ಮೈಗೆ ಮೀನಿನ ವಾಸನೆ” ಎಂದು ನಕ್ಕ.

ಆಮೇಲೆ ಹತ್ತು ವರ್ಷ ಜಪಾನ್, ತೈವಾನ್, ಜರ್ಮನಿ. ಮತ್ತೆ ಇದ್ದಕ್ಕಿದ್ದಂತೆ ಸೋಲು. ಮೊದಲು ದೀಪ ಸರಿಯಿಲ್ಲ ಅಂದುಕೊಂಡ. ಕೋಲು ಬದಲಿಸಿದ, ಬೂಟು ಬದಲಿಸಿದ. ಯಾರ ಯಾರ ಕೈಯಲ್ಲೋ ಸೋತ. ದುಬೈಯ ಒಂದು ಕ್ಲಬ್ಬಿಗೆ ಕೋಚ್ ಆಗಿ ಬಂದರೆ, ಆ ಕ್ಲಬ್ಬೇ ಮುಚ್ಚಿತು. ಅಲ್ಲಿಗೆ ಮೇಜು ಕೊಟ್ಟಿದ್ದ ಹಮೀದಾಕ, “ನನ್ನಲ್ಲಿ ಕೆಲಸ ಉಂಟು, ಬಾ” ಅಂದರು. ಚಾಂಪಿಯನ್ನನ ವೀಸಾದಲ್ಲಿ ಈಗ ‘ಫಿಟ್ಟರ್’ ಎಂದು ಬರೆದಿದೆ.

“ಹೋದ ವರ್ಷ ಮಾರಿಟೆಸ್ ಎಳೆದುಕೊಂಡು ಹೋಗಿ ಕಣ್ಣು ತೋರಿಸಿದಳು. ಬಲಗಣ್ಣಿನಲ್ಲಿ ಪೊರೆ. ತೆಗೆಸಿದೆ. ಈಗ ಎಲ್ಲ ಕಾಣುತ್ತದೆ.” ಅವನು ಕೋಲು ತೆಗೆದು ಉದ್ದಕ್ಕೆ ಒಂದು ಚೆಂಡು ಹೊಡೆದ. ಅದು ಗುಳಿಯ ಅಂಚಿಗೆ ತಾಗಿ, ಅಲ್ಲಾಡಿ, ಹೊರಗೇ ನಿಂತಿತು. “ಆದರೆ ಒಂದು ಕೂದಲಿನಷ್ಟು ತಪ್ಪುತ್ತದೆ. ಪ್ರತಿ ಸಲ.”

ನನಗೂ ಎರಡು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆದಿದ್ದರು. ಪೇಪರ್ ಓದಲು ಬಂತು, ಸೂಜಿಗೆ ದಾರ ಹಾಕಲು ಬಂತು. ಆದರೆ ಕೇರಂ ಬೋರ್ಡಿನ ಮುಂದೆ ಕುಳಿತರೆ ನೆಟ್ಟಗಿನ ಕಾಯಿಯೂ ಬೀಳುತ್ತಿರಲಿಲ್ಲ. ಪೊರೆ ಬಂದಿದ್ದ ಕಾಲದಲ್ಲಿ ನನಗೆ ಗೊತ್ತಿಲ್ಲದೆಯೇ ಎಡಗಣ್ಣಿನಿಂದ ಗುರಿ ಹಿಡಿಯುವುದು ರೂಢಿಯಾಗಿತ್ತು. ಈಗ ಬಲಗಣ್ಣು ಮರಳಿ ಬಂದು ಎರಡೂ ಜಗಳವಾಡುತ್ತಿದ್ದವು. ಶಾರದಕ್ಕ ತಮ್ಮ ದೊಡ್ಡ ಸ್ಟಿಕ್ಕರ್ ಬೊಟ್ಟು ತೆಗೆದು ನನ್ನ ಕನ್ನಡಕದ ಎಡಗಾಜಿಗೆ ಅಂಟಿಸಿ, “ಇನ್ನು ಒಂದೇ ಕಣ್ಣು, ಆಡಿ ನೋಡುವ” ಅಂದಿದ್ದರು. ಆಡಿದೆ. ಆಡುತ್ತ ಆಡುತ್ತ ಬಲಗಣ್ಣಿಗೆ ತನ್ನ ಕೆಲಸ ನೆನಪಾಯಿತು. ಆಮೇಲೆ ಬೊಟ್ಟು ತೆಗೆದೆ.

ಇದನ್ನು ಹೇಳಿದಾಗ ನೆಸ್ಟರ್ ನಗಲಿಲ್ಲ. “ಎಷ್ಟು ದಿನ ಬೇಕಾಯಿತು?” ಎಂದು ಕೇಳಿದ.

“ಎರಡು ತಿಂಗಳು.”

“ನನಗೆ ಇಪ್ಪತ್ತು ದಿನ ಇದೆ.”

ಇಪ್ಪತ್ತು ದಿನಕ್ಕೆ ಅಬುಧಾಬಿಯಲ್ಲಿ ಟೂರ್ನಮೆಂಟ್. ಗೆದ್ದವರಿಗೆ ವಿಶ್ವಮಟ್ಟದ ಆಟದಲ್ಲಿ ಜಾಗ. ಹೆಸರು ಕೊಟ್ಟಾಗಿತ್ತು. ಇದೇ ಕೊನೆಯದು, ಇದರಲ್ಲೂ ಆಗದಿದ್ದರೆ ಕೋಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ, ಮತ್ತೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದನಂತೆ. “ಅವಳು ಬೇಡ ಅನ್ನಲಿಲ್ಲ ಆತೆ. ಸುಮ್ಮನೆ ಅತ್ತಳು.”

ಮರುದಿನವೇ ನಾನೂ ಗ್ಲಾಡಿಸಳೂ ದೇರಾದ ಒಂದು ಬಳೆ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡ ಬೊಟ್ಟಿನ ಪ್ಯಾಕೆಟ್ ತಂದೆವು. ಕ್ರಿಸ್ತುವರು ಇಬ್ಬರು ಸೇರಿ ಬೊಟ್ಟು ಆರಿಸುವುದನ್ನು ಅಂಗಡಿಯವಳು ಕುತೂಹಲದಿಂದ ನೋಡಿದಳು. ಬರಿಗಾಜಿನ ಒಂದು ಕನ್ನಡಕವೂ ಸಿಕ್ಕಿತು.

ಮೊದಲ ಮೂರು ದಿನ ಇನ್ನೂ ಹಾಳಾಯಿತು. ಕೂದಲಿನಷ್ಟು ತಪ್ಪುತ್ತಿದ್ದುದು ಈಗ ಬೆರಳಿನಷ್ಟು ತಪ್ಪಿತು. ಕನ್ನಡಕದಲ್ಲಿ ಕೆಂಪು ಬೊಟ್ಟು ಇಟ್ಟುಕೊಂಡ ಗಂಡಸನ್ನು ನೋಡಲು ಅಕ್ಕಪಕ್ಕದ ಗ್ಯಾರೇಜಿನವರು ಬಂದು ನಿಲ್ಲುತ್ತಿದ್ದರು. ನಾಲ್ಕನೆಯ ದಿನ ನೆಸ್ಟರ್ ಕನ್ನಡಕ ಕಿತ್ತು ಮೇಜಿನ ಮೇಲೆ ಎಸೆದ. “ಖಲಾಸ್. ಸಾಕು.” ಕೋಲನ್ನು ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕತೊಡಗಿದ.

ನನಗೂ ಸಿಟ್ಟು ಬಂತು. “ನೋಡು ನೆಸ್ಟರ್, ನನ್ನ ತಂಗಿ ಮಾಲ್ ತೋರಿಸುತ್ತೇನೆ ಅಂದದ್ದನ್ನು ಬಿಟ್ಟು ಈ ಸೆಕೆಯಲ್ಲಿ ಬಂದು ಕೂತಿದ್ದೇನೆ. ನಾಲ್ಕು ದಿನಕ್ಕೆ ಸುಸ್ತಾಗುವವನು ಚಾಂಪಿಯನ್ ಹೇಗಾದೆ? ಚೆಂಡು ಇಡು.”

ಅವನು ತಲೆ ತಗ್ಗಿಸಿ ನಿಂತ. ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಮೀದಾಕ, “ಇಡು ಮಾರಾಯ. ಬಾಯಮ್ಮ ಬ್ಯಾಂಕಿನವರು, ಸುಲಭಕ್ಕೆ ಬಿಡುವವರಲ್ಲ” ಎಂದು ಹಿಂದಿಯಲ್ಲಿ ಹೇಳಿದರು. ನೆಸ್ಟರ್ ಮೆಲ್ಲಗೆ ನಕ್ಕು ಕೋಲನ್ನು ಚೀಲದಿಂದ ಮತ್ತೆ ತೆಗೆದ.

ಅಲ್ಲಿಂದ ಮುಂದೆ ದಿನವೂ ಕೆಲಸ ಮುಗಿದ ಮೇಲೆ ಎರಡು ಗಂಟೆ. ನಾನು ಚೆಂಡು ಹೆಕ್ಕಿ ಕೊಡುವವಳು. ಹನ್ನೆರಡನೆಯ ದಿನ ಸದ್ದೇ ಬದಲಾಯಿತು. ಗುಳಿಯ ಅಂಚಿಗೆ ತಾಗುವ ಟಕ್ ಟಕ್ ಇಲ್ಲ. ನೇರ ಒಳಗೆ ಬೀಳುವ ಒಂದೇ ಸದ್ದು. ಸಾಲಾಗಿ ಹದಿಮೂರು ಚೆಂಡು ಹಾಗೇ ಬಿದ್ದವು. ಅವನು ಕನ್ನಡಕ ತೆಗೆದು, ಎರಡೂ ಕಣ್ಣು ಬಿಟ್ಟು ಹದಿನಾಲ್ಕನೆಯದನ್ನು ಹೊಡೆದ. ಅದೂ ಬಿತ್ತು. ಹಮೀದಾಕ ಎದ್ದು ಹೋಗಿ ಚಹಾ ತಂದರು.

ಅಲ್ ರೀಮ್ ಐಲ್ಯಾಂಡ್: ಮೊದಲ ದಿನ

ಅಬುಧಾಬಿಗೆ ಹಮೀದಾಕನ ವ್ಯಾನಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮರಳು, ಮರಳಿನಲ್ಲಿ ನೀರು ಕುಡಿಸಿ ಬೆಳೆಸಿದ ಗಿಡಗಳ ಸಾಲು. ಆಟದ ಹಾಲ್ ಇದ್ದದ್ದು ಅಲ್ಲಿನ ಅಲ್ ರೀಮ್ ದ್ವೀಪದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಒಂದು ಗಾಜಿನ ಗೋಪುರದ ಕೆಳಗಿನ ಮಹಡಿಯಲ್ಲಿ. ಅಲ್ಲಿನ ಎಂಟು ಮೇಜುಗಳಿಗೂ ಆ ವಾರವೇ ಹೊಸ ಬಟ್ಟೆ ಹಾಕಿದ್ದು ನೆಸ್ಟರ್ ಮತ್ತು ಹಮೀದಾಕ.

ಅದೇ ತೊಂದರೆಯಾಯಿತು. ಬಾಗಿಲಿನ ಕಾವಲುಗಾರ ನೆಸ್ಟರನ ಗುರುತು ಹಿಡಿದು, “ಇವತ್ತು ಕೆಲಸ ಇಲ್ಲ. ಏನಾದರೂ ಇದ್ದರೆ ಹಿಂದಿನ ಬಾಗಿಲಿಂದ ಬಾ” ಅಂದ. ನೆಸ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಬೂಟಿಗೆ ಪಾಲಿಶ್ ಮಾಡಿದ್ದ. ಆದರೂ ಹಿಂದಿನ ಬಾಗಿಲಿನ ಕಡೆ ತಿರುಗಿದ. ನಾನು ತೋಳು ಹಿಡಿದು ನಿಲ್ಲಿಸಿದೆ.

“ಪರವಾಗಿಲ್ಲ ಆತೆ. ಒಳಗೆ ಹೋದರಾಯಿತು.”

“ಪರವಾಗುತ್ತದೆ” ಎಂದೆ. ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ಸಾಲು ತಪ್ಪಿಸುವವರನ್ನು ಗದರಿಸಿದ ಗಂಟಲು ನನ್ನದು. “ಈ ಮನುಷ್ಯ ಇಲ್ಲಿ ಆಡಲು ಬಂದಿದ್ದಾರೆ. ಪಟ್ಟಿಯಲ್ಲಿ ಹೆಸರಿದೆ. ಓದಿ.”

ಕಾವಲುಗಾರ ಪಟ್ಟಿ ಓದಿದ. ಹೆಸರು ಇತ್ತು. ಬಡಪಾಯಿ, ನೇಪಾಳದವನು. ಕಿವಿಯವರೆಗೆ ಕೆಂಪಾಗಿ ಎರಡೂ ಬಾಗಿಲು ತೆರೆದು ನಿಂತ. ಒಂದು ಸಾಕಿತ್ತು.

ಆಟ ನನಗೆ ಹಮೀದಾಕ ವಿವರಿಸಿದರು. ಮೇಜಿನ ಮೇಲೆ ಒಂದರಿಂದ ಒಂಬತ್ತರವರೆಗಿನ ಚೆಂಡು. ಬಿಳಿ ಚೆಂಡು ಪ್ರತಿ ಸಲ ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯದಕ್ಕೆ ಮೊದಲು ತಾಗಬೇಕು. ಒಂಬತ್ತನ್ನು ಗುಳಿಗೆ ಹಾಕಿದವನಿಗೆ ಆ ಆಟ. ಹತ್ತು ಆಟ ಮೊದಲು ಗೆದ್ದವನು ಪಂದ್ಯ ಗೆದ್ದ. ನಮ್ಮ ಕೇರಂನ ಸ್ಟ್ರೈಕರ್ ಬದಲು ಬಿಳಿ ಚೆಂಡು, ಬೆರಳಿನ ಬದಲು ಕೋಲು. ಲೆಕ್ಕಾಚಾರವೆಲ್ಲ ನನಗೆ ಪರಿಚಿತವೇ.

ಪರಿಚಯವಿಲ್ಲದ್ದು ಅಲ್ಲಿನ ಮೌನ. ನಮ್ಮಲ್ಲಿ ಕೇರಂ ಆಡುವಾಗ ಸುತ್ತ ನಿಂತವರೆಲ್ಲ ಗುರುಗಳು. ನೆಸ್ಟರ್ ಒಂದು ಚೆಂಡನ್ನು ಕತ್ತರಿಸಿದ ಹಾಗೆ ಓರೆಯಾಗಿ ಹಾಕಿದಾಗ ನಾನು ಅಭ್ಯಾಸಬಲದಿಂದ “ಭಲೇ!” ಎಂದು ಕೂಗಿಬಿಟ್ಟೆ. ಇಡೀ ಹಾಲ್ ನನ್ನ ಕಡೆ ತಿರುಗಿತು. ರೆಫರಿ ಬಿಳಿ ಕೈಗವಸಿನ ಬೆರಳನ್ನು ತುಟಿಗೆ ಇಟ್ಟರು. ಆಮೇಲೆ ಮೂರು ದಿನವೂ ಕರವಸ್ತ್ರ ಬಾಯಿಗೆ ಒತ್ತಿಕೊಂಡೇ ಕೂತೆ.

ಮೊದಲ ದಿನ ಇಬ್ಬರನ್ನು ಸೋಲಿಸಿದ. ಎರಡನೆಯ ದಿನ ಮತ್ತಿಬ್ಬರನ್ನು. ಅಷ್ಟರಲ್ಲಿ ಯಾರೋ ಗುಸುಗುಸು ಶುರುಮಾಡಿದ್ದರು. ಸೋತವನೊಬ್ಬನ ಮ್ಯಾನೇಜರ್ ಬಂದು, “ಮೇಜಿಗೆ ಬಟ್ಟೆ ಹಾಕಿದವನೇ ಆಡುವುದು ನ್ಯಾಯವೇ? ಆ ಮೇಜಿನ ಒಳಗುಟ್ಟು ಅವನಿಗೆ ಗೊತ್ತು. ಬೇರೆ ಮೇಜು ಕೊಡಿ” ಎಂದು ರೆಫರಿಯ ಮುಂದೆ ವಾದಿಸಿದ.

ನೆಸ್ಟರ್ ಬಹಳ ವಿನಯದಿಂದ ಹೇಳಿದ: “ಯಾವುದು ಬೇಕೋ ಕೊಡಿ ಸರ್. ಆದರೆ ಎಂಟನ್ನೂ ನಾನೇ ಮಾಡಿದ್ದು. ಎಲ್ಲವೂ ಸಮ ಇವೆ. ಇಲ್ಲದಿದ್ದರೆ ಅದು ನನ್ನ ಕೆಲಸದ ದೋಷ.” ರೆಫರಿ ನಕ್ಕುಬಿಟ್ಟರು. ಮ್ಯಾನೇಜರ್ ತನ್ನ ಕುರ್ಚಿಗೆ ಹೋಗಿ ಕೂತ.

ಅಲ್ ರೀಮ್ ಐಲ್ಯಾಂಡ್: ಭಾನುವಾರ

ಫೈನಲ್ ಮಧ್ಯಾಹ್ನ ಮೂರಕ್ಕೆ. ಮಾರಿಟೆಸ್ ಮತ್ತು ಗ್ಲಾಡಿಸ್ ರಜೆ ಹಾಕಿ ಬಂದಿದ್ದರು. ಎದುರಾಳಿ ಪೋಲೆಂಡಿನವನು, ಇಪ್ಪತ್ತೆರಡು ವರ್ಷ. ಅಲೆಯೇಳದ ಕೆರೆಯಂಥ ಮುಖ. ಅವನು ಹುಟ್ಟುವ ಮೊದಲೇ ನೆಸ್ಟರ್ ಆ ಬೆಳ್ಳಿ ಬಟ್ಟಲು ಎತ್ತಿದ್ದ.

ಹುಡುಗ ತಪ್ಪುವುದೇ ಇಲ್ಲ. ನೋಡನೋಡುತ್ತ ನಾಲ್ಕು–ಎಂಟು. ಇನ್ನೆರಡು ಆಟ ಅವನಿಗೆ ಸಿಕ್ಕರೆ ಮುಗಿಯಿತು. ಮಾರಿಟೆಸ್ ನನ್ನ ಕೈ ಹಿಡಿದುಕೊಂಡಳು. ಅವಳ ಉಗುರು ನನ್ನ ಅಂಗೈಗೆ ನಾಟಿತು. ನೆಸ್ಟರ್ ಕುರ್ಚಿಯಲ್ಲಿ ಕೂತು ಕೋಲಿನ ತುದಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ವರ್ಕ್‌ಶಾಪಿನಲ್ಲಿ ಕಲ್ಲಿಗೆ ಕಲ್ಲು ಜೋಡಿಸುವಾಗ ಅವನಲ್ಲಿ ಇರುತ್ತಿದ್ದ ಅದೇ ನಿಧಾನ. ಅವಸರವಿಲ್ಲ, ಬೇಸರವೂ ಇಲ್ಲ.

ಹುಡುಗ ಒಂದು ಸಲ ತಪ್ಪಿದ. ಒಂದೇ ಸಲ. ನೆಸ್ಟರ್ ಎದ್ದ. ಐದು. ಆರು. ಏಳು. ಫಿಲಿಪ್ಪೀನ್ಸಿನವರು ಎಲ್ಲಿಂದಲೋ ಬಂದು ತುಂಬಿಕೊಂಡರು: ಕೆಫೆಯ ಏಪ್ರನ್ನಿನಲ್ಲೇ ಬಂದ ಹೆಣ್ಣುಮಕ್ಕಳು, ಹೋಟೆಲಿನ ಯೂನಿಫಾರ್ಮಿನವರು. ಎಂಟು–ಎಂಟು. ಹುಡುಗ ಒಂದು ತೆಗೆದುಕೊಂಡ. ನೆಸ್ಟರ್ ಒಂದು. ಒಂಬತ್ತು–ಒಂಬತ್ತು.

ಕೊನೆಯ ಆಟ. ಹುಡುಗ ಒಂದನೆಯ ಚೆಂಡು ಹಾಕಿ, ಎರಡನೆಯದನ್ನು ಹಾಕಲು ದಾರಿ ಕಾಣದೆ, ಅದಕ್ಕೆ ತಾಗಿಸಿ ಮಾತ್ರ ಬಿಟ್ಟು, ಬಿಳಿ ಚೆಂಡನ್ನು ಜಾಣತನದಿಂದ ಏಳರ ಹಿಂದೆ ಅಡಗಿಸಿ ಕೂತ. ನೆಸ್ಟರಿಗೆ ಎರಡು ಕಾಣುವುದೇ ಇಲ್ಲ. ತಾಗದಿದ್ದರೆ ಬಿಳಿ ಚೆಂಡು ಹುಡುಗನ ಕೈಗೆ ಹೋಗುತ್ತದೆ, ಅವನು ಬೇಕಾದಲ್ಲಿ ಇಟ್ಟು ಎಲ್ಲವನ್ನೂ ಗುಡಿಸಿಬಿಡುತ್ತಾನೆ.

ನೆಸ್ಟರ್ ಮೇಜಿಗೆ ಒಂದು ಸುತ್ತು ಬಂದ. ಎರಡು ಕಡೆ ಅಂಚಿನ ಹತ್ತಿರ ಬಗ್ಗಿ ನೋಡಿದ. ಆಮೇಲೆ ಎರಡನೆಯ ಚೆಂಡಿಗೆ ಬೆನ್ನು ಹಾಕಿದ ಹಾಗೆ, ಪೂರ್ತಿ ಬೇರೆ ದಿಕ್ಕಿಗೆ ಹೊಡೆದ. ಬಿಳಿ ಚೆಂಡು ಒಂದು ಅಂಚಿಗೆ ತಾಗಿತು, ಇನ್ನೊಂದಕ್ಕೆ, ಮತ್ತೊಂದಕ್ಕೆ, ಸುಸ್ತಾದಂತೆ ಬಂದು ಎರಡಕ್ಕೆ ಮೆಲ್ಲಗೆ ಮುತ್ತಿಟ್ಟಿತು. ಅಷ್ಟೇ ಅಲ್ಲ, ಉರುಳಿ ಹೋಗಿ ಐದು ಮತ್ತು ಒಂಬತ್ತರ ಹಿಂದೆ ಮರೆಯಾಗಿ ನಿಂತಿತು. ಈಗ ಹುಡುಗನಿಗೇ ದಾರಿ ಇಲ್ಲ. ನಾನು ಕರವಸ್ತ್ರ ಕಚ್ಚಿದೆ.

ಹುಡುಗ ಪ್ರಯತ್ನಿಸಿದ, ತಾಗಲಿಲ್ಲ. ರೆಫರಿ ಬಿಳಿ ಚೆಂಡನ್ನು ಎತ್ತಿ ನೆಸ್ಟರನ ಅಂಗೈಗೆ ಕೊಟ್ಟರು.

ಎರಡು, ಮೂರು, ನಾಲ್ಕು. ಐದು ಸ್ವಲ್ಪ ಕಷ್ಟದ್ದು, ಬಿತ್ತು. ಆರು. ಏಳು. ಎಂಟನ್ನು ಹಾಕಿದ ಮೇಲೆ ಬಿಳಿ ಚೆಂಡು ಬೇಕಾದುದಕ್ಕಿಂತ ಒಂದು ಗೇಣು ಹೆಚ್ಚು ಉರುಳಿತು. ಒಂಬತ್ತು ಉಳಿದದ್ದು ಮೇಜಿನ ಆ ತುದಿಯಲ್ಲಿ, ಬಿಳಿ ಈ ತುದಿಯಲ್ಲಿ. ಉದ್ದನೆಯ ನೇರ ಹೊಡೆತ. ವರ್ಷವಿಡೀ ಒಂದು ಕೂದಲಿನಷ್ಟು ತಪ್ಪುತ್ತಿದ್ದ ಹೊಡೆತ.

ಅವನು ಬಗ್ಗಿದ. ಗುರಿ ಹಿಡಿದ. ಮತ್ತೆ ನೆಟ್ಟಗೆ ನಿಂತ. ಎರಡು ಹೆಜ್ಜೆ ಹಿಂದೆ ಬಂದು ಉಸಿರು ಬಿಟ್ಟ. ಮಾರಿಟೆಸ್ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಮುಚ್ಚಲಿಲ್ಲ. ಅವನು ಮತ್ತೆ ಬಗ್ಗಿದಾಗ ನಾನು ನೋಡಿದ್ದು ಚೆಂಡನ್ನಲ್ಲ, ಅವನ ತಲೆಯನ್ನು. ಕೋಲು ಸರಿಯಾಗಿ ಬಲಗಣ್ಣಿನ ಕೆಳಗಿತ್ತು. ನನಗೆ ಗೊತ್ತಾಯಿತು. ಹೊಡೆಯುವ ಮೊದಲೇ ಗೊತ್ತಾಯಿತು.

ಒಂದೇ ಸದ್ದು.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಹಾಲ್‌ನ ಮಾಡು ಹಾರಿಹೋಗುವಂಥ ಗದ್ದಲ. “ಕೂಯಾ! ಕೂಯಾ!” ಎಂಬ ಕೂಗು. ಹಮೀದಾಕ ಗೊತ್ತಿಲ್ಲದ ಯಾವುದೋ ಅರಬ್ಬಿಯನ್ನು ಅಪ್ಪಿಕೊಂಡಿದ್ದರು. ಗ್ಲಾಡಿಸ್ ಕುರ್ಚಿಯ ಮೇಲೆ ಹತ್ತಿದ್ದಳು. ನಾನು ಮೂರು ದಿನ ನುಂಗಿದ್ದ “ಭಲೇ”ಗಳನ್ನೆಲ್ಲ ಒಟ್ಟಿಗೆ ಕೂಗಿದೆ. ಈ ಸಲ ರೆಫರಿ ತುಟಿಗೆ ಬೆರಳು ಇಡಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದರು. ಪೋಲೆಂಡಿನ ಹುಡುಗ ಕೋಲನ್ನು ನೆಲಕ್ಕೆ ಕುಟ್ಟಿ ಗೌರವ ತೋರಿಸಿ, ಬಂದು ನೆಸ್ಟರನ ಮುಂದೆ ತಲೆ ಬಾಗಿಸಿದ. ನೆಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ನಂತರ ಹೆಂಡತಿಯ ಕಡೆ ನಡೆದು ಬಂದ. ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ. “ತೆರೆ” ಎಂದು ಅವನು ಅಂದದ್ದು ತಗಾಲೊಗ್ ಭಾಷೆಯಲ್ಲಿ. ನನಗೆ ಅರ್ಥವಾಯಿತು.

ಮರುದಿನ

ಸೋಮವಾರ ಅವನು ಎಂದಿನಂತೆ ಕೆಲಸಕ್ಕೆ ಹೊರಟ. ನೀಲಿ ಡಾಂಗ್ರಿ, ಊಟದ ಡಬ್ಬಿ. ಮಂಗಳವಾರ ನನ್ನ ವಿಮಾನ. ಹಮೀದಾಕನಿಗೆ ಹೇಳಿ ಬರೋಣವೆಂದು ನಾನೂ ಜೊತೆಗೆ ಹೋದೆ. ಹಮೀದಾಕ ದಾರಿಯಲ್ಲೇ ನಿಂತಿದ್ದರು. “ಇವತ್ತು ನಿನಗೆ ರಜೆ ಅಂತ ಹೇಳಿದ್ದೆನಲ್ಲ?” ಎಂದು ನೆಸ್ಟರನನ್ನು ಗದರಿಸಿದರು. “ಮತ್ತೆ, ಆಚೆ ದೇಶದ ಆಟಕ್ಕೆ ಹೋಗಲು ಎಷ್ಟು ದಿನ ಬೇಕೋ ಅಷ್ಟು ಹೋಗು. ಕೆಲಸ ಇಲ್ಲೇ ಇರ್ತದೆ. ಅದರ ಮಾತು ಬೇಡ.”

ನೆಸ್ಟರ್ ಏನೋ ಹೇಳಲು ಬಾಯಿ ತೆರೆದ. ಆಗ ಓಣಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಮೊದಲು ಒಂದು ಗ್ಯಾರೇಜಿನಲ್ಲಿ, ಆಮೇಲೆ ಪಕ್ಕದ್ದರಲ್ಲಿ. ಕಾರುಗಳ ಅಡಿಯಿಂದ ಜನ ಹೊರಗೆ ಬಂದರು. ಪಠಾಣರು, ಬಂಗಾಳಿಗಳು, ಮಲಬಾರಿನವರು. ಎಲ್ಲರ ಮೊಣಕೈ ತನಕ ಕಪ್ಪು ಗ್ರೀಸು. ಚಾಂಪಿಯನ್ನನ ಕೈ ಕುಲುಕಬೇಕು ಅವರಿಗೆ. ಆದರೆ ಯಾರೂ ಹತ್ತಿರ ಬರಲಿಲ್ಲ. ಹಮೀದಾಕನ ಶೆಡ್ಡಿನ ಹೊರಗೆ ಒಂದು ನಲ್ಲಿ, ಅದರ ಪಕ್ಕ ಡಬ್ಬದಲ್ಲಿ ಸಾಬೂನಿನ ಪುಡಿ. ಮೊದಲನೆಯವನು ಹೋಗಿ ಕೈ ಉಜ್ಜತೊಡಗಿದ. ಅವನ ಹಿಂದೆ ಇನ್ನೊಬ್ಬ ನಿಂತ. ಸಾಲು ಬೆಳೆಯಿತು. ಉಗುರಿನ ಸಂದಿಯಿಂದ ಕಪ್ಪು ಹೋಗುವ ತನಕ ಉಜ್ಜಿ, ಕೈ ಬೆಳಕಿಗೆ ಹಿಡಿದು ನೋಡಿ, ಅಂಗಿಗೆ ಒರೆಸಿಕೊಂಡು, ಒಬ್ಬೊಬ್ಬರಾಗಿ ಬಂದು ನೆಸ್ಟರನ ಕೈ ಹಿಡಿದರು.

ನಾನು ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು.